ನಿಮಗಿದು ಗೊತ್ತೆ? ಮಂಗಳದ ಮಣ್ಣು ಹುರಿದರೆ ನೀರು!

ಹೈದರಾಬಾದಿನ ನಾಚಾರಂ ಪಕ್ಕದಲ್ಲೇ ಇರುವ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಅಂದರೆ ಎನ್‌ಜಿಆರ್‌ಐ, 1961ರಿಂದ ನೆಲದೊಳಗೆ ಇಣುಕುತ್ತಿದೆ. ನಮ್ಮ ತುಮಕೂರು ಜಿಲ್ಲೆಯ ಅಂಕಸಂದ್ರದಲ್ಲಿ ಅದು ಅಂತರ್ಜಲದ ಜಾಡು ಹಿಡಿದದ್ದು ಹೆಲಿಕಾಪ್ಟರ್‌ನಿಂದ! ಕೆಳಗೆ ತೂಗುಬಿಟ್ಟ ತಂತಿಯ ಚೌಕಟ್ಟಿನಲ್ಲಿ ವಿದ್ಯುತ್ ಹರಿಸಿ, ಥಟ್ಟನೆ ನಿಲ್ಲಿಸಿ, ಆಗ ನೆಲದೊಳಗಿಂದ ಬರುವ ಕ್ಷೀಣ ಕಾಂತೀಯ ಸಂಕೇತವನ್ನು ಅಳೆಯುತ್ತಾರೆ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ ಜಾಗ ತೋರಿಸುವವರಿಗೆ ಊರುಗಳಲ್ಲಿ ಬೇಡಿಕೆಯೇನೂ ತಗ್ಗಿಲ್ಲ, ಬಿಡಿ.

ಮಂಗಳ ಗ್ರಹದಲ್ಲೂ ಹುಡುಕಾಟ ಮೇಲಿನಿಂದಲೇ ಶುರು. ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ರೇಡಾರ್ ರೇಡಿಯೊ ತರಂಗ ಬಿಟ್ಟು, ನೆಲದಡಿಯ ಹಿಮದ ಪದರಗಳಿಂದ ಬರುವ ಪ್ರತಿಧ್ವನಿ ಹಿಡಿಯುತ್ತದೆ. 2008ರಲ್ಲಿ ಫೀನಿಕ್ಸ್ ನೌಕೆ ಅಲ್ಲಿ ಮಣ್ಣು ಕೆರೆದಾಗ ಪುಟ್ಟ ಬಿಳಿ ಉಂಡೆಗಳು ಕಂಡವು. ನಾಲ್ಕೇ ದಿನದಲ್ಲಿ ಅವು ಮಾಯ! ಉಪ್ಪಾಗಿದ್ದರೆ ಅಲ್ಲೇ ಉಳಿಯುತ್ತಿತ್ತು. ಹಿಮವಾದ್ದರಿಂದ ಕರಗದೆಯೇ ಆವಿಯಾಗಿತ್ತು.

ನೀರು ತೆಗೆಯುವುದು ಹೇಗೆ? ಕ್ಯೂರಿಯಾಸಿಟಿ ರೋವರ್ ಚಿಟಿಕೆ ಮಣ್ಣನ್ನು ಪುಟ್ಟ ಒಲೆಯಲ್ಲಿ 835 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿತು. ಹೊರಬಂದ ಅನಿಲಗಳಲ್ಲಿ ನೀರಾವಿಯೇ ಹೆಚ್ಚು. ಮಣ್ಣಿನ ತೂಕದಲ್ಲಿ ಸುಮಾರು ಶೇ 2ರಷ್ಟು ನೀರಿತ್ತೆಂದು 2013ರಲ್ಲಿ ಪ್ರಕಟವಾಯಿತು. ಲೆಕ್ಕ ಹಾಕಿ: ಸಿಮೆಂಟ್ ಚೀಲದಷ್ಟು, ಅಂದರೆ 50 ಕಿಲೋ ಮಣ್ಣು ಹುರಿದರೆ ಒಂದು ಲೀಟರ್. ಅದನ್ನೂ ಹಾಗೇ ಕುಡಿಯುವಂತಿಲ್ಲ. ಮಂಗಳದ ಮಣ್ಣಿನಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ಕೆಡಿಸುವ ಪರ್‌ಕ್ಲೋರೇಟ್ ಲವಣಗಳಿವೆ. ಮೊದಲು ನೀರನ್ನು ಶುದ್ಧೀಕರಿಸಬೇಕು.