ದುಡಿಮೆ ಇಲ್ಲಿ, ಧಣಿ ಅಲ್ಲಿ

ಹೊಟ್ಟೆಪಾಡಿಗಾಗಿ ಊರ ಗಡಿ ದಾಟುವುದು ಗುಡೇಕೋಟೆಯ ಜನರಿಗೆ ಹೊಸದೇನಲ್ಲ. ಕೂಡ್ಲಿಗಿ ತಾಲ್ಲೂಕಿನ ಈ ಬಂಡೆಗಲ್ಲುಗಳ ಊರು ಒಂದು ಕಾಲಕ್ಕೆ ಪಾಳೆಯಗಾರರ ನೆಲೆ. ಒನಕೆ ಓಬವ್ವನ ತವರು ಇದೇ ಎಂಬುದು ಇಲ್ಲಿನವರ ನಂಬಿಕೆ. ಆಕೆಯ ಗಂಡ ಚಿತ್ರದುರ್ಗದ ಕೋಟೆಯಲ್ಲಿ ಕಾವಲುಗಾರನಾಗಿದ್ದನೆಂಬುದು ಎಲ್ಲರೂ ಬಲ್ಲ ಕಥೆ. ಅಂದಿನ ನಾಯಕರು ಸೇವೆಗೆ ಪ್ರತಿಫಲವಾಗಿ ಉಂಬಳಿ ಭೂಮಿ ಕೊಡುತ್ತಿದ್ದರು. ಯಾರ ಬಳಿ ದುಡಿಯುತ್ತೇವೆ, ಕೂಲಿ ಕೊಡುವವರು ಯಾರು ಎಂಬುದು ಕಣ್ಣಿಗೆ ಕಾಣುತ್ತಿತ್ತು.

ಇಂದು ಹಾಗಲ್ಲ. ಇದೇ ಊರಿನಿಂದ ಓದಿ ಹೊರಬಿದ್ದ ಹುಡುಗನೋ ಹುಡುಗಿಯೋ ಬೆಂಗಳೂರಿನಲ್ಲಿ, ಇಲ್ಲವೇ ಮನೆಯ ಪಡಸಾಲೆಯಲ್ಲೇ ಕಂಪ್ಯೂಟರ್ ಮುಂದೆ ಕುಳಿತು, ಎಂದೂ ಕಾಣದ ದೇಶದ ಕಂಪನಿಗೆ ದುಡಿಯಬಹುದು. ‘ಮಗನಿಗೆ ಫಾರಿನ್ ಕಂಪನಿಯಲ್ಲಿ ಕೆಲಸ’ ಎಂದು ತಂದೆ ತಾಯಿ ಹಿಗ್ಗುವುದು ಸಹಜ. ಆದರೆ ಆ ಸಂಬಳ ಯಾವ ದೇಶದ ಕಾನೂನಿಗೆ ಒಳಪಟ್ಟದ್ದು? ಭವಿಷ್ಯ ನಿಧಿ ಕಟ್ಟುವವರು ಯಾರು? ನಾಳೆ ಕೆಲಸ ಹೋದರೆ ಕೇಳುವುದು ಯಾರನ್ನು?

ಹಳೆಯ ಪಾಠ

ಪರದೇಶದ ಧಣಿ ನಮ್ಮ ನಾಡಿನಲ್ಲಿ ಆಳುಗಳನ್ನು ನೇಮಿಸಿಕೊಂಡದ್ದು ಕಂಪ್ಯೂಟರ್ ಕಾಲದಲ್ಲಿ ಮೊದಲಲ್ಲ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕಾಲಿಟ್ಟಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳಲ್ಲಿ ಸಾವಿರಾರು ಮಂದಿ ನೆಲದಾಳಕ್ಕಿಳಿದರು. ಷೇರುದಾರರು ಇದ್ದದ್ದು ಇಂಗ್ಲೆಂಡಿನಲ್ಲಿ. ಬೆವರು ಸುರಿದದ್ದು ಮೈಸೂರು ಸಂಸ್ಥಾನದಲ್ಲಿ. ಅನೇಕ ಕಾರ್ಮಿಕರು ಗಣಿಗೆ ಬಂದದ್ದು ಕಂಟ್ರಾಕ್ಟರರ ಮೂಲಕ. ಕಾರ್ಮಿಕನಿಗೂ ಕಂಪನಿಗೂ ನಡುವೆ ಮೂರನೆಯವನೊಬ್ಬ ನಿಂತಾಗ ಹೊಣೆ ಯಾರದೆಂಬ ಪ್ರಶ್ನೆ ಅಂದೇ ಹುಟ್ಟಿತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ದಾಖಲಿಸಲು ಹೊರಟಾಗ ಗಣಿಗಳಲ್ಲಿ ದೊಡ್ಡ ಮುಷ್ಕರವೇ ನಡೆಯಿತು. 1956ರಲ್ಲಿ ಗಣಿಗಳು ಸರ್ಕಾರದ ಪಾಲಾದವು. 2001ರಲ್ಲಿ ಬಾಗಿಲು ಮುಚ್ಚಿದವು.

ಎರಡನೆಯ ಅಧ್ಯಾಯ ಆರಂಭವಾದದ್ದು 1985ರಲ್ಲಿ. ಆ ವರ್ಷ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರ ತೆರೆಯಿತು. ಉಪಗ್ರಹ ಸಂಪರ್ಕದ ಸಾಮಗ್ರಿ ಎತ್ತಿನ ಗಾಡಿಯಲ್ಲಿ ಬಂದಿತೆಂಬ ಸಂಗತಿಯನ್ನು ಇಂದಿಗೂ ಹೇಳಿಕೊಳ್ಳುತ್ತಾರೆ. ಮುಂದೆ ನೂರಾರು ಕಂಪನಿಗಳು ಇದೇ ದಾರಿ ಹಿಡಿದವು.

ನಮ್ಮವರು ಅಲ್ಲಿ ಧಣಿಗಳಾದಾಗಲೂ ನಿಯಮ ಬೇರೆಯಾಗಲಿಲ್ಲ. ಇನ್ಫೋಸಿಸ್ ಅಮೆರಿಕಕ್ಕೆ ಸಿಬ್ಬಂದಿಯನ್ನು ಕಳುಹಿಸುವಾಗ ಬಳಸಿದ ವೀಸಾಗಳ ಬಗ್ಗೆ ಅಲ್ಲಿನ ಸರ್ಕಾರ ತಕರಾರು ತೆಗೆಯಿತು. ವಂಚನೆಯ ಆರೋಪವನ್ನು ಕಂಪನಿ ಅಲ್ಲಗಳೆಯಿತು. ಆದರೂ 2013ರಲ್ಲಿ 3.4 ಕೋಟಿ ಡಾಲರ್ ತೆತ್ತು ವ್ಯಾಜ್ಯ ಬಗೆಹರಿಸಿಕೊಂಡಿತು. 2017ರಲ್ಲಿ, ಎರಡು ವರ್ಷಗಳಲ್ಲಿ ಹತ್ತು ಸಾವಿರ ಅಮೆರಿಕನ್ನರಿಗೆ ಕೆಲಸ ಕೊಡುವುದಾಗಿ ಅದೇ ಕಂಪನಿ ಪ್ರಕಟಿಸಿತು. ಧಣಿ ಎಲ್ಲಿಯವನೇ ಆಗಲಿ, ಕೆಲಸ ನಡೆಯುವ ನೆಲದ ಕಾನೂನಿಗೆ ಅವನು ತಲೆಬಾಗಲೇಬೇಕು.

ಮೂರು ದಾರಿ

ವಿದೇಶಿ ಕಂಪನಿಯೊಂದು ಭಾರತದಲ್ಲಿ ಜನರನ್ನು ತೆಗೆದುಕೊಳ್ಳಲು ಸಾಮಾನ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಇಲ್ಲೇ ತನ್ನ ಅಂಗಸಂಸ್ಥೆಯನ್ನು ನೋಂದಾಯಿಸುವುದು. ಆಗ ನೇಮಕಾತಿ ಪತ್ರ ಕೊಡುವುದು ಭಾರತದಲ್ಲಿ ನೋಂದಾಯಿತವಾದ ಕಂಪನಿ. ಸಂಬಳ ರೂಪಾಯಿಯಲ್ಲಿ, ಕಡಿತಗಳೆಲ್ಲ ಇಲ್ಲಿನ ಕಾನೂನಿನಂತೆ.

ಎರಡನೆಯದು, ಮಧ್ಯಸ್ಥ ಸಂಸ್ಥೆಯ ಮೂಲಕ ನೇಮಿಸುವುದು. ಒಬ್ಬಿಬ್ಬರಿಗಾಗಿ ಕಚೇರಿ ತೆರೆಯಲು ಇಷ್ಟವಿಲ್ಲದ ಕಂಪನಿ, ಇಲ್ಲಿನ ಬೇರೊಂದು ಸಂಸ್ಥೆಗೆ ಹಣ ಕಳುಹಿಸುತ್ತದೆ. ಕಾಗದದ ಮೇಲೆ ಧಣಿ ಆ ಸಂಸ್ಥೆ. ಸಂಬಳ ಬಟವಾಡೆ, ಭವಿಷ್ಯ ನಿಧಿ, ತೆರಿಗೆ ಕಡಿತ ಎಲ್ಲವೂ ಅದರ ಹೊಣೆ. ಕೆಲಸ ಹೇಳುವವರು ಮಾತ್ರ ಪರದೇಶದವರು.

ಮೂರನೆಯದು, ನೌಕರನೆನ್ನದೆ ‘ಸ್ವತಂತ್ರ ಗುತ್ತಿಗೆದಾರ’ ಎಂದು ಕರೆಯುವುದು. ಆತ ತಿಂಗಳಿಗೊಮ್ಮೆ ಬಿಲ್ಲು ಕಳುಹಿಸುತ್ತಾನೆ; ಹಣ ಬ್ಯಾಂಕಿಗೆ ಬರುತ್ತದೆ. ಅಲ್ಲಿಗೆ ಕಂಪನಿಯ ಬಾಧ್ಯತೆ ಮುಗಿಯಿತು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಕೈಗೆ ಬರುವ ಹಣವೇ ಸಂಬಳವಲ್ಲ

ಒಂದು ಲೆಕ್ಕ ನೋಡೋಣ. ಒಬ್ಬಾಕೆಗೆ ತಿಂಗಳಿಗೆ 30,000 ರೂ. ಸಂಬಳ, ಅದರಲ್ಲಿ ಮೂಲ ವೇತನ 15,000 ರೂ. ಎಂದಿಟ್ಟುಕೊಳ್ಳಿ. ಭವಿಷ್ಯ ನಿಧಿಗೆ ಆಕೆಯ ಪಾಲು ಶೇಕಡ 12, ಅಂದರೆ 1,800 ರೂ. ಕರ್ನಾಟಕದ ವೃತ್ತಿ ತೆರಿಗೆ 200 ರೂ. ಕಳೆದರೆ ಕೈಗೆ ಸಿಗುವುದು 28,000 ರೂ. ಅದೇ ಕೆಲಸಕ್ಕೆ ಗುತ್ತಿಗೆಯ ಹೆಸರಿನಲ್ಲಿ 30,000 ರೂ. ಕೊಟ್ಟರೆ, ಎರಡು ಸಾವಿರ ಹೆಚ್ಚು ಬಂದಂತೆ ಕಾಣುತ್ತದೆ.

ಆದರೆ ನೌಕರಳಾಗಿದ್ದರೆ ಕಂಪನಿಯೂ ತನ್ನ ಪಾಲಿನ 1,800 ರೂ. ಸೇರಿಸಬೇಕಿತ್ತು. ಅದರಲ್ಲಿ ಸುಮಾರು 1,250 ರೂ. ಪಿಂಚಣಿ ಖಾತೆಗೂ ಉಳಿದದ್ದು ಭವಿಷ್ಯ ನಿಧಿಗೂ ಹೋಗುತ್ತದೆ. ಆಕೆಯಿಂದ ಕಡಿತವಾದ 1,800 ರೂ. ಕೂಡ ಆಕೆಯದೇ ಉಳಿತಾಯ. ಇನ್ನು ಗ್ರಾಚ್ಯುಯಿಟಿ: ವರ್ಷದ ಸೇವೆಗೆ ಹದಿನೈದು ದಿನಗಳ ವೇತನ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. 15,000 ರೂ. ವೇತನಕ್ಕೆ ಇದು ವರ್ಷಕ್ಕೆ ಸುಮಾರು 8,650 ರೂ., ತಿಂಗಳಿಗೆ 720 ರೂ. ಹೀಗೆ ‘ಹೆಚ್ಚು’ ಎನಿಸಿದ ಗುತ್ತಿಗೆ ಹಣ ವಾಸ್ತವದಲ್ಲಿ ತಿಂಗಳಿಗೆ ಸುಮಾರು 2,500 ರೂ. ಕಡಿಮೆ. ಜೊತೆಗೆ ಸಂಬಳ ಸಹಿತ ರಜೆ ಇಲ್ಲ, 26 ವಾರಗಳ ಹೆರಿಗೆ ರಜೆಯ ಹಕ್ಕಿಲ್ಲ. ಆದಾಯ ತೆರಿಗೆಯ ಲೆಕ್ಕ ತಾನೇ ಇಡಬೇಕು. ವರ್ಷದ ತೆರಿಗೆ ಹತ್ತು ಸಾವಿರ ಮುಟ್ಟಿದರೆ ಮುಂಗಡವಾಗಿ ಕಂತುಗಳಲ್ಲಿ ಕಟ್ಟಬೇಕು.

ಒಂದು ಎಚ್ಚರಿಕೆ: ಕೆಲವು ಕಂಪನಿಗಳು ತಮ್ಮ ಪಾಲಿನ ಭವಿಷ್ಯ ನಿಧಿ, ಗ್ರಾಚ್ಯುಯಿಟಿಗಳನ್ನೂ ಸೇರಿಸಿ ‘ವಾರ್ಷಿಕ ಪ್ಯಾಕೇಜ್’ ಎಂದು ದೊಡ್ಡ ಮೊತ್ತ ಹೇಳುತ್ತವೆ. ಅದನ್ನು ಹನ್ನೆರಡರಿಂದ ಭಾಗಿಸಿ ‘ಇಷ್ಟು ಸಂಬಳ’ ಎಂದುಕೊಳ್ಳುವುದು ತಪ್ಪು. ಭವಿಷ್ಯ ನಿಧಿ ಕಡ್ಡಾಯವಾಗುವುದು ಸಾಮಾನ್ಯವಾಗಿ ಇಪ್ಪತ್ತು ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗಳಿಗೆ ಎಂಬುದೂ ನೆನಪಿರಲಿ.

ಹಾಗಾದರೆ ‘ಗುತ್ತಿಗೆದಾರ’ ಎಂದು ಬರೆದುಬಿಟ್ಟರೆ ಎಲ್ಲ ಮುಗಿಯಿತೇ? ಇಲ್ಲ. ಸೌರಾಷ್ಟ್ರದ ಉಪ್ಪಿನ ಪಾತಿಗಳಲ್ಲಿ ದುಡಿಯುತ್ತಿದ್ದ ಅಗರಿಯರು ಗುತ್ತಿಗೆದಾರರೇ ಹೊರತು ತಮ್ಮ ಕೆಲಸಗಾರರಲ್ಲ ಎಂದು ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ವಾದಿಸಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೆಲಸ ಹೇಗೆ ನಡೆಯಬೇಕೆಂಬುದರ ಮೇಲೆ ಹಿಡಿತ ಯಾರದು ಎಂಬುದನ್ನು ನೋಡಿ, ಅವರು ಕಾರ್ಮಿಕರೇ ಎಂದಿತು. ಈ ತೀರ್ಪು ಹಳೆಯದಾದರೂ ಅದರ ತಿರುಳು ಇಂದಿನ ಕಂಪ್ಯೂಟರ್ ಕೆಲಸಕ್ಕೂ ಅನ್ವಯಿಸುತ್ತದೆ. ಹಣೆಪಟ್ಟಿಗಿಂತ ವಾಸ್ತವ ಮುಖ್ಯ. ಆದರೆ ವಿದೇಶದಲ್ಲಿರುವ ಧಣಿಯ ಮೇಲೆ ಇಲ್ಲಿಂದ ದಾವೆ ಹೂಡುವುದು ಹೇಳಿದಷ್ಟು ಸುಲಭವಲ್ಲ. ಆದ್ದರಿಂದ ಸಹಿಗೆ ಮೊದಲೇ ಜಾಗ್ರತೆ ಬೇಕು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರ ಕೊಡುವುದನ್ನು ಕಡ್ಡಾಯ ಮಾಡಿವೆ. ನಿಗದಿತ ಅವಧಿಯ ನೌಕರರಿಗೆ, ಐದು ವರ್ಷ ಕಾಯದೆ, ಒಂದು ವರ್ಷದ ಸೇವೆಗೇ ಗ್ರಾಚ್ಯುಯಿಟಿಯ ಹಕ್ಕು ಕೊಟ್ಟಿವೆ.

ಹೊರಟು ಹೋಗುವವರಿಗೆ

ಎಲ್ಲರೂ ಇಲ್ಲೇ ಕುಳಿತು ದುಡಿಯುವವರಲ್ಲ. ಕೊಲ್ಲಿ ರಾಷ್ಟ್ರಗಳಿಗೆ ಡ್ರೈವರ್, ಗಾರೆ ಕೆಲಸ, ವೆಲ್ಡಿಂಗ್ ಎಂದು ಹೋಗುವವರೂ ಇದ್ದಾರೆ. ಅಲ್ಲಿ ದುಡಿದರೆ ಅಲ್ಲಿನ ಕಾನೂನು ಎಂಬುದು ಇವರಿಗೂ ಸಲ್ಲುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್ 2009ರಲ್ಲಿ, ಸಂಬಳವನ್ನು ಬ್ಯಾಂಕುಗಳ ಮೂಲಕವೇ ಪಾವತಿಸಿ ಸರ್ಕಾರ ಅದರ ಮೇಲೆ ಕಣ್ಣಿಡುವ ವ್ಯವಸ್ಥೆ ತಂದಿತು.

ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಒಂದಿದೆ. ಎಸ್ಸೆಸ್ಸೆಲ್ಸಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಬೇಕೆಂಬ ನಿಯಮವಿದೆ. ಪಾಸಾದವರಿಗೆ ಈ ತಾಪತ್ರಯವಿಲ್ಲ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂ. ಮತ್ತು ಅದರ ಮೇಲಿನ ಜಿ.ಎಸ್.ಟಿ. ಎಂದು ಮಿತಿ ಹಾಕಲಾಗಿದೆ. ಲಕ್ಷಗಟ್ಟಲೆ ಕೇಳುವವನ ಮುಂದೆ ಹೊಲದ ಪತ್ರ ಇಡುವ ಮೊದಲು, ಅವನ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ವ್ಯವಸ್ಥೆಯಲ್ಲಿ ಪರೀಕ್ಷಿಸಬೇಕು. ಪ್ರವಾಸಿ ವೀಸಾ ಮೇಲೆ ಕಳುಹಿಸಿ ‘ಅಲ್ಲಿ ಕೆಲಸ ಕೊಡಿಸುತ್ತೇನೆ’ ಎನ್ನುವವನನ್ನು ಅಂಗಳದಿಂದಲೇ ಸಾಗಹಾಕುವುದು ಕ್ಷೇಮ.

ಕೇಳಬೇಕಾದ ಪ್ರಶ್ನೆಗಳು

ಕೆಲಸ ಇಲ್ಲಿರಲಿ, ಅಲ್ಲಿರಲಿ, ಒಪ್ಪಿಕೊಳ್ಳುವ ಮೊದಲು ಕೇಳಬೇಕಾದವು ಹೆಚ್ಚೇನೂ ಇಲ್ಲ. ನೇಮಕಾತಿ ಪತ್ರದ ಮೇಲೆ ಯಾವ ಕಂಪನಿಯ ಹೆಸರಿದೆ, ಅದು ಎಲ್ಲಿ ನೋಂದಾಯಿತವಾಗಿದೆ? ನೌಕರಿಯೋ, ಗುತ್ತಿಗೆಯೋ? ಭವಿಷ್ಯ ನಿಧಿಯ ಹನ್ನೆರಡು ಅಂಕಿಗಳ ಖಾತೆ ಸಂಖ್ಯೆ ಕೊಡುತ್ತಾರೆಯೇ? ಸಂಬಳದ ಚೀಟಿ ಪ್ರತಿ ತಿಂಗಳೂ ಸಿಗುತ್ತದೆಯೇ? ಕೆಲಸ ಬಿಡಿಸಲು ಎಷ್ಟು ದಿನದ ನೋಟಿಸು? ವ್ಯಾಜ್ಯ ಬಂದರೆ ಯಾವ ಊರಿನ ನ್ಯಾಯಾಲಯ?

ಇವುಗಳನ್ನು ಕೇಳಿದರೆ ಕೆಲಸ ಕೈತಪ್ಪೀತೆಂದು ಅಂಜಬೇಕಿಲ್ಲ. ನೇರವಾಗಿ ನಡೆಯುವ ಕಂಪನಿ ನೇರವಾಗಿಯೇ ಉತ್ತರ ಕೊಡುತ್ತದೆ. ಭವಿಷ್ಯ ನಿಧಿಗೆ ಹಣ ಜಮಾ ಆಗುತ್ತಿದೆಯೇ ಎಂಬುದನ್ನು ನೌಕರನೇ ತನ್ನ ಖಾತೆಯ ಪಾಸ್‌ಬುಕ್ಕಿನಲ್ಲಿ ನೋಡಬಹುದು. ಮಕ್ಕಳಿಗೆ ಕೆಲಸ ಸಿಕ್ಕಾಗ ತಂದೆ ತಾಯಿ ‘ಸಂಬಳ ಎಷ್ಟು’ ಎಂದು ಕೇಳುವುದು ರೂಢಿ. ಇನ್ನು ಮುಂದೆ ‘ಪತ್ರ ಕೊಟ್ಟವರು ಯಾರು’ ಎಂಬುದನ್ನೂ ಜೊತೆಗೇ ಕೇಳುವುದು ಒಳಿತು.