ಹಲಸೂರು ಕೆರೆಯ ಟೆಂಪೊ

ಬೆಳಗಿನ ಆರು ಗಂಟೆಗೆ ಹಲಸೂರು ಕೆರೆಯ ಬಳಿ ಓಡುವವರ ಮಾತಿಗೆ ಕಿವಿಗೊಡಿ. ಆಡುವುದು ಕನ್ನಡವಿರಲಿ, ತಮಿಳಿರಲಿ, ನಡುವೆ ಪೇಸ್, ಟೆಂಪೊ, ಲ್ಯಾಕ್ಟೇಟ್, ಫಾರ್ಟ್‌ಲೆಕ್ ಸುಳಿಯುತ್ತವೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಓಟಕ್ಕೆ ತಯಾರಾಗುವವರಿಗಂತೂ ಇವು ಉಪ್ಪು ಖಾರದಷ್ಟು ಸಲೀಸು. ಇಂಗ್ಲಿಷ್ ಎಂದುಕೊಂಡೇ ಬಳಸುತ್ತೇವೆ. ಬೇರು ಮಾತ್ರ ಒಂದರದ್ದೂ ಅಲ್ಲಿನದಲ್ಲ.

ಪೇಸ್ ದಂಡಿನ ಪದ ಎನ್ನಬಹುದು, ರೋಮನ್ನರ ದಂಡಿನದು. ಎಡಗಾಲು ಎತ್ತಿ ಮತ್ತೆ ಅದೇ ಕಾಲು ಊರಿದರೆ ಲ್ಯಾಟಿನ್ನಿನಲ್ಲಿ ಒಂದು ‘ಪಾಸ್ಸುಸ್’. ಅಂಥ 1000 ಸೇರಿದರೆ ಮೈಲಿ. ಅಂದು ದೂರ ಅಳೆದ ಪದ ಇಂದು ಒಂದು ಕಿಲೋಮೀಟರಿಗೆ ಹಿಡಿದ ನಿಮಿಷಗಳನ್ನು ಹೇಳುತ್ತದೆ.

ಇನ್ನು ಟೆಂಪೊ. ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಟೆಂಪೊ ಎಂದರೆ ಈರುಳ್ಳಿ ಮೂಟೆ ಇಳಿಸುವ ಗಾಡಿ. ಜರ್ಮನಿಯ ಕಂಪನಿಯೊಂದರ ಹೆಸರು ಬಜಾಜ್ ಟೆಂಪೊ ಮೂಲಕ ಇಲ್ಲಿಗೆ ಬಂದು ಸರಕಿನ ಗಾಡಿಗಳಿಗೆಲ್ಲ ಅಂಟಿಕೊಂಡಿತು. ಓಟಗಾರರ ಟೆಂಪೊ ಇಟಲಿಯ ಸಂಗೀತಗಾರರ ‘ಕಾಲ’. ಎರಡರ ಮೂಲವೂ ಸಮಯ ಎಂಬ ಅರ್ಥದ ಲ್ಯಾಟಿನ್ ‘ಟೆಂಪುಸ್’.

ಟೆಂಪೊ ಓಟದ ಗುಟ್ಟು ಇರುವುದು ರಕ್ತದಲ್ಲಿ. ಓಡುವಾಗ ಸ್ನಾಯುಗಳು ಗ್ಲೂಕೋಸ್ ಒಡೆದು ಲ್ಯಾಕ್ಟೇಟ್ ಹುಟ್ಟಿಸುತ್ತವೆ. ಹೃದಯ, ಯಕೃತ್ತು, ಇತರ ಸ್ನಾಯುಗಳು ಅದನ್ನು ಬಳಸಿಕೊಳ್ಳುತ್ತವೆ. ಒಂದು ವೇಗ ದಾಟಿದರೆ ಹುಟ್ಟುವುದು ಹೆಚ್ಚು, ಖರ್ಚಾಗುವುದು ಕಡಿಮೆ. ಆ ಅಂಚಿನಲ್ಲೇ ಓಡುವುದು ಟೆಂಪೊ. ಅದನ್ನು ತಿಳಿಯಲು ದುಬಾರಿ ವಾಚು ಬೇಕಿಲ್ಲ: ಎರಡು ಮೂರು ಪದ ಆಡಲಾಗಬೇಕು, ಮನೆಯ ಸಮಾಚಾರ ಹೇಳಲಾಗಬಾರದು. ದೂರವನ್ನು ಕೂಗಳತೆಯಲ್ಲಿ ಎಣಿಸಿದ ನಮ್ಮ ಹಿರಿಯರಿಗೆ ಈ ಲೆಕ್ಕ ಹಿಡಿಸುತ್ತಿತ್ತು.

ಲ್ಯಾಕ್ಟೇಟಿನ ಬೇರು ಲ್ಯಾಟಿನ್ನಿನ ‘ಲಾಕ್’, ಅಂದರೆ ಹಾಲು. 1780ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಲ್ಯಾಕ್ಟಿಕ್ ಆಮ್ಲವನ್ನು ಬೇರ್ಪಡಿಸಿದ್ದು ಹುಳಿಯಾದ ಹಾಲಿನಿಂದ. ಮರುದಿನದ ಮೈಕೈ ನೋವಿಗೆ ಇದೇ ಕಾರಣ ಎಂಬ ದೂರು ಇನ್ನೂ ಕೇಳಿಬರುತ್ತದೆ. ಪಾಪ, ಓಟ ನಿಲ್ಲಿಸಿ ಒಂದೆರಡು ಗಂಟೆಯೊಳಗೆ ಅದರ ಮಟ್ಟ ಮೊದಲಿನಂತಾಗಿರುತ್ತದೆ. ರೂಢಿಯಿಲ್ಲದ ಶ್ರಮಕ್ಕೆ ಸ್ನಾಯುವಿನ ಎಳೆಗಳಲ್ಲಾದ ಸಣ್ಣ ಗಾಯಗಳ ತಪ್ಪು ಅದು.

ಫಾರ್ಟ್‌ಲೆಕ್ ಕೇಳಿ ಇಂಗ್ಲಿಷ್ ಬಲ್ಲ ಹುಡುಗರು ಮುಸಿಮುಸಿ ನಗುತ್ತಾರೆ. ಸ್ವೀಡಿಷ್‌ನಲ್ಲಿ ‘ಫಾರ್ಟ್’ ವೇಗ, ‘ಲೆಕ್’ ಆಟ. 1930ರ ದಶಕದಲ್ಲಿ ತರಬೇತುದಾರ ಗೋಸ್ಟಾ ಹೋಲ್ಮೆರ್ ರೂಪಿಸಿದ ಈ ಕ್ರಮದಲ್ಲಿ ಗೆರೆಯಿಲ್ಲ, ಸೀಟಿಯಿಲ್ಲ. ಮನಸ್ಸು ಬಂದಷ್ಟು ದೂರ ಬಿರುಸಾಗಿ ಓಡಿ, ಸುಸ್ತಾದರೆ ನಿಧಾನಿಸಿ, ಮತ್ತೆ ಓಡುವುದು. ಗಲ್ಲಿಯ ಮಕ್ಕಳು ಇದನ್ನೇ ‘ಆ ಕಂಬ ಮುಟ್ಟಿ ಬಾ’ ಎನ್ನುತ್ತಾರೆ.