ಮುಚ್ಚಳ ಕೂರದ ಕಂಪ್ಯೂಟರ್

ಕಳೆದ ದೀಪಾವಳಿ ಮುಗಿದ ವಾರ. ರಾತ್ರಿ ಹತ್ತೂವರೆಯ ಹೊತ್ತಿಗೆ ಡೊಂಬಿವಿಲಿಯಿಂದ ಅಕ್ಕನ ಮಗಳ ಫೋನು ಬಂತು.

"ಮಾಮಾ, ಎಲ್ಲಾ ಜೋಡಿಸಿ ಆಯ್ತು. ಆದ್ರೆ ಪಕ್ಕದ ಗಾಜು ಕೂರ್ತಾನೇ ಇಲ್ಲ. ಒತ್ತಿದ್ರೆ ಒಡೆದು ಹೋಗ್ತದೇನೋ ಅಂತ ಭಯ."

"ಒತ್ತಬೇಡ ಮಾರಾಯ್ತಿ. ಎಲ್ಲಾ ಹಾಗೇ ಬಿಡು. ನಾಳೆ ಬೆಳಿಗ್ಗೆ ಬರ್ತೇನೆ," ಎಂದೆ.

ಈ ಹುಡುಗಿ ಮದುವೆಗಳ ವಿಡಿಯೋ ಎಡಿಟಿಂಗ್ ಮಾಡುತ್ತಾಳೆ. ಎರಡು ವರ್ಷ ದುಡಿದು ಕೂಡಿಟ್ಟ ದುಡ್ಡಿನಲ್ಲಿ ಸ್ವಂತ ಕಂಪ್ಯೂಟರ್ ಕಟ್ಟಲು ಹೊರಟಿದ್ದಳು. ತುಳಸಿ ಮದುವೆ ಮುಗಿಯುತ್ತಲೇ ಇಲ್ಲಿ ಲಗ್ನದ ಸೀಸನ್ ಶುರುವಾಗುತ್ತದೆಂಬುದು ಮುಂಬಯಿಯಲ್ಲಿ ಬೆಳೆದ ನಿಮಗೆ ಹೊಸದೇನಲ್ಲ. ಮೂರು ಮದುವೆಗಳ ಮುಂಗಡ ಅವಳ ಕೈಸೇರಿತ್ತು. ಹಳೆಯ ಲ್ಯಾಪ್‌ಟಾಪನ್ನು ಮಾರಿ ಆಗಿತ್ತು. ಹೊಸ ಯಂತ್ರ ಓಡದಿದ್ದರೆ ಮುಂಗಡ ಹಿಂದಿರುಗಿಸಬೇಕು. ಆ ಹಣವೋ, ಯಂತ್ರದೊಳಗೇ ಸೇರಿಹೋಗಿತ್ತು.

ಮರುದಿನ ಒಂದು ಉಕ್ಕಿನ ಸ್ಕೇಲು, ಒಂದು ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿದೆ. ಬೆಳಗಿನ ಹೊತ್ತು ಜನಸಾಗರವೆಲ್ಲ ಎದುರು ದಿಕ್ಕಿಗೆ, ಹಾಗಾಗಿ ಕೂರಲು ಜಾಗವೂ ಸಿಕ್ಕಿತು.

ಹೋಗಿ ನೋಡಿದರೆ ರೋಗ ಕಣ್ಣಿಗೇ ಕಾಣುವಂತಿತ್ತು. ಪ್ರೊಸೆಸರ್ ಮೇಲೆ ಜೋಡಿ ಗೋಪುರದ ದೊಡ್ಡ ಕೂಲರ್. ಅದರ ಪಕ್ಕದಲ್ಲೇ ಬಣ್ಣಬಣ್ಣದ ದೀಪ ಉರಿಯುವ, ತಲೆಯ ಮೇಲೆ ಕಿರೀಟವಿಟ್ಟಂಥ ಎತ್ತರದ ರ‍್ಯಾಮ್. ಕೂಲರಿನ ಮುಂದಿನ ಫ್ಯಾನು ರ‍್ಯಾಮಿನ ನೆತ್ತಿಯ ಮೇಲೇ ಬರಬೇಕಾಗಿತ್ತು. ಮೊದಲು ಅವಳು ಅದನ್ನು ತುರುಕಲು ನೋಡಿದ್ದಾಳೆ. ಒಂದು ರ‍್ಯಾಮ್ ಪಟ್ಟಿ ಸ್ವಲ್ಪ ವಾಲಿ, ತುದಿಯ ಕ್ಲಿಪ್ಪು ಅರ್ಧ ತೆರೆದುಕೊಂಡಿತ್ತು. ಬಳಿಕ ಫ್ಯಾನನ್ನು ತಂತಿಯ ಹಿಡಿಕೆಯಲ್ಲಿ ಮೇಲಕ್ಕೆ ಸರಿಸಿ ಕೂರಿಸಿದ್ದಾಳೆ. ಈಗ ಫ್ಯಾನು ಕೂತಿತು, ಗಾಜು ಕೂರಲಿಲ್ಲ.

ಬಿಡಿಭಾಗ ಕೊಟ್ಟ ಅಂಗಡಿಯವನು "ಸಬ್ ಫಿಟ್ ಹೋ ಜಾಯೇಗಾ" ಎಂದಿದ್ದನಂತೆ. ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕೂಲರ್ ಆ ಬೋರ್ಡಿಗೆ ಕೂರುತ್ತದೆ, ರ‍್ಯಾಮ್ ಆ ಬೋರ್ಡಿಗೆ ಕೂರುತ್ತದೆ, ಬೋರ್ಡು ಆ ಕ್ಯಾಬಿನೆಟ್ಟಿಗೆ ಕೂರುತ್ತದೆ. ಮೂರೂ ಒಟ್ಟಿಗೆ ಕೂರುತ್ತವೆಯೇ ಎಂದು ಅವನೂ ಕೇಳಿಕೊಳ್ಳಲಿಲ್ಲ, ಇವಳೂ ಕೇಳಲಿಲ್ಲ.

ನಾನು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗ ಕೊಂಡು 486 ಜೋಡಿಸುತ್ತಿದ್ದ ತೊಂಬತ್ತರ ದಶಕದಲ್ಲಿ ಇಂಥ ಪ್ರಶ್ನೆಯೇ ಏಳುತ್ತಿರಲಿಲ್ಲ. ಪ್ರೊಸೆಸರಿನ ಮೇಲೆ ಬೆಂಕಿಪೊಟ್ಟಣದಷ್ಟು ಲೋಹ, ಬಹಳವೆಂದರೆ ಒಂದು ಪುಟಾಣಿ ಫ್ಯಾನು. ರ‍್ಯಾಮೆಂದರೆ ಬರಿಯ ಹಸಿರು ಪಟ್ಟಿ, ಓರೆಯಾಗಿಟ್ಟು ನೆಟ್ಟಗೆ ಮಾಡಿದರೆ 'ಟಕ್' ಎಂದು ಕೂರುತ್ತಿತ್ತು. 1993ರಲ್ಲಿ ಬಂದ ಮೊದಲ ಪೆಂಟಿಯಂ ಹದಿನೈದು ವಾಟಿನ ಆಸುಪಾಸು ಉಣ್ಣುತ್ತದೆಂದು ಆಗ ನಾವೆಲ್ಲ ಹುಬ್ಬೇರಿಸಿದ್ದೆವು. 2022ರಲ್ಲಿ ಬಂದ ಇಂಟೆಲ್ ಕೋರ್ ಐ9-13900ಕೆ ಪೂರ್ತಿ ಓಟದಲ್ಲಿ 253 ವಾಟಿನ ತನಕ ಎಳೆಯುತ್ತದೆ. ಅಷ್ಟು ಶಾಖವನ್ನು ಹೊರಗೆ ಹಾಕಲು ಲೋಹದ ಗೋಪುರವೇ ಬೇಕಾಯಿತು. ಗೋಪುರ ಅಗಲವಾದಂತೆ ಪಕ್ಕದ ರ‍್ಯಾಮಿನ ಅಂಗಳಕ್ಕೆ ಕಾಲಿಟ್ಟಿತು. ಅದೇ ಹೊತ್ತಿಗೆ ರ‍್ಯಾಮ್ ಮಾಡುವವರೂ ತಮ್ಮ ಪಟ್ಟಿಗಳಿಗೆ ಕವಚ, ಕೊಂಬು, ದೀಪ ಎಲ್ಲ ತೊಡಿಸಿದರು.

ಈಗ ಸ್ವಲ್ಪ ಲೆಕ್ಕಕ್ಕೆ ಬರೋಣ. ಕವಚವಿಲ್ಲದ ಸಾದಾ ಡಿಡಿಆರ್4 ಅಥವಾ ಡಿಡಿಆರ್5 ಪಟ್ಟಿಯ ಎತ್ತರ 31.25 ಮಿಲಿಮೀಟರ್. ಗಿಡ್ಡ ಕವಚದ ಪಟ್ಟಿಗಳು ಇದಕ್ಕಿಂತ ಎರಡು ಮೂರು ಮಿಲಿಮೀಟರ್ ಹೆಚ್ಚು. ದೀಪದ ಪಟ್ಟಿಗಳು ನಲವತ್ತನ್ನು ಸುಲಭವಾಗಿ ದಾಟುತ್ತವೆ, ಕೆಲವು ಐವತ್ತನ್ನೂ. ಇನ್ನು ಕೂಲರ್. ಆಸ್ಟ್ರಿಯಾದ ನಾಕ್ಟುವಾ ಕಂಪನಿ 2014ರಲ್ಲಿ ತಂದ ಎನ್‌ಎಚ್-ಡಿ15 ಎಂಬ ಜೋಡಿ ಗೋಪುರದ ಕೂಲರನ್ನೇ ಉದಾಹರಣೆಗೆ ಹಿಡಿಯಿರಿ. ಎರಡೂ ಫ್ಯಾನು ಸಹಿತ ಅದರ ಎತ್ತರ 165 ಮಿ.ಮೀ. ಮುಂದಿನ ಫ್ಯಾನಿನ ಕೆಳಗೆ ರ‍್ಯಾಮಿಗೆ ಉಳಿಯುವ ಎಡೆ 32 ಮಿ.ಮೀ. ಸಾದಾ ಪಟ್ಟಿಯಾದರೆ ಕೂದಲೆಳೆಯಷ್ಟು ಅಂತರದಲ್ಲಿ ನುಸುಳುತ್ತದೆ. 44 ಮಿ.ಮೀ. ಎತ್ತರದ ಪಟ್ಟಿಯಾದರೆ ಫ್ಯಾನನ್ನು 12 ಮಿ.ಮೀ. ಮೇಲೆತ್ತಬೇಕು. ಆಗ ಕೂಲರಿನ ಒಟ್ಟು ಎತ್ತರ 177 ಆಯಿತು. ಪೇಟೆಯಲ್ಲಿ ಸಿಗುವ ಸಾಮಾನ್ಯ ಗಾತ್ರದ ಕ್ಯಾಬಿನೆಟ್ಟುಗಳಲ್ಲಿ ಎಷ್ಟೋ 165 ಅಥವಾ 170ಕ್ಕೇ ನಿಲ್ಲುತ್ತವೆ.

ನೋಡಿ, ರ‍್ಯಾಮಿನ ಎತ್ತರದಲ್ಲಿ ಆದ ತಪ್ಪು ಕೊನೆಗೆ ಬಂದು ಕಾಣಿಸಿದ್ದು ಕ್ಯಾಬಿನೆಟ್ಟಿನ ಬಾಗಿಲಲ್ಲಿ. ಕೂಲರಿನ ಎತ್ತರ ಮಾತ್ರ ನೋಡಿ ಕೊಂಡವರು ಮೋಸಹೋಗುವುದು ಇಲ್ಲೇ.

ಇನ್ನೊಂದು ಸೂಕ್ಷ್ಮ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡೇ ಪಟ್ಟಿ ಹಾಕುವುದಾದರೆ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕೆಂದು ಹೆಚ್ಚಿನ ಕೈಪಿಡಿಗಳು ಹೇಳುತ್ತವೆ. ಹಾಗಾಗಿ ಕೂಲರಿಗೆ ತೀರ ಹತ್ತಿರದ ಮೊದಲನೆಯ ಸ್ಲಾಟು ಖಾಲಿ. ಕೆಲವು ಕೂಲರುಗಳು ಈ ಒಂದು ಸ್ಲಾಟಿನ ಮೇಲಷ್ಟೇ ಬಾಗುತ್ತವೆ. 'ಆಹಾ, ಕೂತಿತು' ಎಂದು ನೀವು ಹಿಗ್ಗುತ್ತೀರಿ. ಎರಡು ವರ್ಷ ಕಳೆದು ಇನ್ನೆರಡು ಪಟ್ಟಿ ತಂದಾಗ ಮೊದಲನೆಯ ಸ್ಲಾಟಿಗೆ ಅದು ಇಳಿಯುವುದೇ ಇಲ್ಲ. ಮುಂದೆ ರ‍್ಯಾಮ್ ಹೆಚ್ಚಿಸುವ ಯೋಚನೆಯಿದ್ದರೆ ನಾಲ್ಕೂ ಸ್ಲಾಟು ತುಂಬಿದೆಯೆಂದು ಭಾವಿಸಿಯೇ ಲೆಕ್ಕ ಹಾಕಿ.

ನೀರಿನ ಕೂಲರ್ ಹಾಕಿದರೆ ಈ ತಲೆನೋವೇ ಇಲ್ಲವೆಂದು ಹೇಳುವವರಿದ್ದಾರೆ. ಅರ್ಧ ನಿಜ. ರೇಡಿಯೇಟರನ್ನು ಕ್ಯಾಬಿನೆಟ್ಟಿನ ಮೇಲ್ಭಾಗಕ್ಕೆ ಬಿಗಿದರೆ ಅದರ ಫ್ಯಾನುಗಳು ಕೆಲವು ಕ್ಯಾಬಿನೆಟ್ಟುಗಳಲ್ಲಿ ಇದೇ ಎತ್ತರದ ರ‍್ಯಾಮಿಗೆ ಬಡಿಯುತ್ತವೆ.

ಡೊಂಬಿವಿಲಿಗೆ ಮರಳೋಣ. ನಮ್ಮ ಮುಂದೆ ಮೂರು ದಾರಿಗಳಿದ್ದವು. ರ‍್ಯಾಮ್ ಬದಲಿಸುವುದು ಒಂದು. ಆದರೆ ಪೊಟ್ಟಣ ಒಡೆದ ಮಾಲನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲೊಲ್ಲ. ಒಂಟಿ ಗೋಪುರದ ಕೂಲರ್ ತರುವುದು ಇನ್ನೊಂದು. ಅದಕ್ಕೆ ಮತ್ತೆ ಖರ್ಚು. ಮೂರನೆಯದು, ಮುಂದಿನ ಫ್ಯಾನನ್ನೇ ತೆಗೆದು ನಡುವಿನ ಒಂದೇ ಫ್ಯಾನಿನಲ್ಲಿ ಓಡಿಸುವುದು. ಇದು ಅಂದಾಜಿನ ಮಾತಲ್ಲ. ಮೇಲೆ ಹೇಳಿದ ಎನ್‌ಎಚ್-ಡಿ15ರಲ್ಲಿ ಮುಂದಿನ ಫ್ಯಾನು ತೆಗೆದರೆ ರ‍್ಯಾಮಿನ ಎಡೆ 32ರಿಂದ 64 ಮಿ.ಮೀ.ಗೆ ಏರುತ್ತದೆಂದು ಕಂಪನಿಯೇ ಹೇಳುತ್ತದೆ.

ಖರ್ಚಿಲ್ಲದ ದಾರಿಯನ್ನೇ ಹಿಡಿದೆವು. ಫ್ಯಾನು ಬಿಚ್ಚಿ, ವಾಲಿದ ಪಟ್ಟಿಯನ್ನು ಹೊರತೆಗೆದು ಟಾರ್ಚ್ ಬೆಳಕಿನಲ್ಲಿ ನೋಡಿದೆ. ಸ್ಲಾಟು ಸೀಳಿರಲಿಲ್ಲ, ಪಟ್ಟಿಯ ಚಿನ್ನದ ಹಲ್ಲುಗಳೂ ನೆಟ್ಟಗಿದ್ದವು. ಮತ್ತೆ ಕೂರಿಸಿ ಸ್ವಿಚ್ ಒತ್ತಿದೆವು. ಪರದೆ ಕಪ್ಪು. ಒಂದು ನಿಮಿಷ, ಎರಡು ನಿಮಿಷ. ಹುಡುಗಿಯ ಮುಖ ಬಾಡಿತು. ಅಕ್ಕ ಒಳಗಿನಿಂದ ಚಹಾ ತಂದವಳು ಬಾಗಿಲಲ್ಲೇ ನಿಂತಳು. ಡಿಡಿಆರ್5 ಬೋರ್ಡುಗಳು ಹೊಸದಾಗಿ ರ‍್ಯಾಮ್ ಕಂಡಾಗ ಅದರ ವೇಗದ ಹೊಂದಾಣಿಕೆಗೆ ಕೆಲವು ನಿಮಿಷ ತೆಗೆದುಕೊಳ್ಳುತ್ತವೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಎದೆ ಬಡಿದುಕೊಳ್ಳುವುದು ನಿಲ್ಲಲಿಲ್ಲ. ಅವಳು ಸ್ವಿಚ್ಚಿನತ್ತ ಚಾಚಿದ ಕೈಯನ್ನು ಹಿಡಿದು ನಿಲ್ಲಿಸಿದೆ. ಐದನೆಯ ನಿಮಿಷಕ್ಕೆ ಪರದೆ ಬೆಳಗಿತು.

ಗಾಜು ಸಲೀಸಾಗಿ ಕೂತಿತು. ಬಿಚ್ಚಿದ ಫ್ಯಾನನ್ನು ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಬಿಗಿದು ಹೊರಗಿನ ಗಾಳಿಯನ್ನು ಒಳಗೆಳೆಯುವ ಕೆಲಸಕ್ಕೆ ಹಚ್ಚಿದೆವು. ಒಂದು ಹಳೆಯ ಮದುವೆಯ ಫೈಲು ಹಾಕಿ ಗಂಟೆ ಹೊತ್ತು ರೆಂಡರ್ ಓಡಿಸಿದಾಗ ಪ್ರೊಸೆಸರಿನ ಬಿಸಿ 82 ಡಿಗ್ರಿಯಲ್ಲಿ ನಿಂತಿತು. ಚಿಂತೆಯಿಲ್ಲ.

"ಹಾಗಾದ್ರೆ ಅಷ್ಟು ದುಡ್ಡು ಕೊಟ್ಟು ಎರಡನೇ ಫ್ಯಾನು ಯಾಕೆ ಬೇಕಿತ್ತು ಮಾಮಾ?"

"ದೀಪದ ರ‍್ಯಾಮ್ ಯಾಕೆ ಬೇಕಿತ್ತೋ, ಅದಕ್ಕೇ," ಎಂದೆ. ಅವಳಿಗಿಂತ ಅಕ್ಕನೇ ಜಾಸ್ತಿ ನಕ್ಕಳು.

ನಿಮ್ಮಲ್ಲಿ ಯಾರಾದರೂ ಈ ಸಾಹಸಕ್ಕೆ ಹೊರಡುವವರಿದ್ದರೆ, ಲ್ಯಾಮಿಂಗ್ಟನ್ ರಸ್ತೆಯಿರಲಿ, ಚೆನ್ನೈಯ ರಿಚಿ ಸ್ಟ್ರೀಟ್ ಇರಲಿ, ದಿಲ್ಲಿಯ ನೆಹರೂ ಪ್ಲೇಸ್ ಇರಲಿ, ರಜೆಯಲ್ಲಿ ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆಯೇ ಇರಲಿ, ಅಂಗಡಿ ಮೆಟ್ಟಿಲೇರುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ಅಂಕಿ ಬರೆದುಕೊಳ್ಳಿ: ರ‍್ಯಾಮಿನ ಎತ್ತರ, ಕೂಲರಿನ ಕೆಳಗೆ ಅದಕ್ಕಿರುವ ಎಡೆ, ಕೂಲರಿನ ಎತ್ತರ, ಕ್ಯಾಬಿನೆಟ್ಟು ತಾಳುವ ಕೂಲರ್ ಎತ್ತರ. ರ‍್ಯಾಮಿನ ಎತ್ತರದಿಂದ ಎಡೆಯನ್ನು ಕಳೆಯಿರಿ. ಉಳಿದದ್ದನ್ನು ಕೂಲರಿನ ಎತ್ತರಕ್ಕೆ ಕೂಡಿಸಿ. ಬಂದ ಮೊತ್ತ ಕ್ಯಾಬಿನೆಟ್ಟಿನ ಅಂಕಿಯ ಒಳಗಿದ್ದರೆ ಸರಿ. ಅಂಕಿಗಳೆಲ್ಲ ಆಯಾ ಕಂಪನಿಗಳ ವಿವರ ಪಟ್ಟಿಯಲ್ಲೇ ಇರುತ್ತವೆ. ಕೂಲರಿನ ಹಿಡಿಕೆ ನಿಮ್ಮ ಪ್ರೊಸೆಸರಿನ ಸಾಕೆಟ್ಟಿಗೆ ಹೊಂದುವುದೇ ಎಂದೂ ಅಲ್ಲೇ ನೋಡಿಬಿಡಿ.

ಎನ್‌ಎಚ್-ಡಿ15ರ ತೂಕ ಫ್ಯಾನು ಸೇರಿ 1320 ಗ್ರಾಂ. ಅಷ್ಟು ಭಾರ ಬೋರ್ಡಿಗೆ ಅಡ್ಡಲಾಗಿ ಜೋತಾಡುತ್ತಿರುತ್ತದೆ. ಮನೆ ಬದಲಿಸುವಾಗ ಟೆಂಪೋದಲ್ಲಿ ಕ್ಯಾಬಿನೆಟ್ಟನ್ನು ನಿಲ್ಲಿಸಬೇಡಿ, ಬೋರ್ಡು ಕೆಳಗಾಗುವಂತೆ ಮಲಗಿಸಿ. ಹುಡುಗಿಗೆ ಇದನ್ನೂ ಹೇಳಿ ಬಂದಿದ್ದೇನೆ. ಮೂರು ಮದುವೆಗಳಲ್ಲಿ ಎರಡರ ವಿಡಿಯೋ ಕೊಟ್ಟಾಯಿತಂತೆ. ಮೂರನೆಯದರಲ್ಲಿ ವಧುವಿನ ಚಿಕ್ಕಪ್ಪನನ್ನು ಇನ್ನೂ ಸ್ವಲ್ಪ ಹೊತ್ತು ತೋರಿಸಬೇಕೆಂದು ತಕರಾರು ನಡೆದಿದೆ.